ಗೇಣುದ್ದದ ಇಂಜಿನ್ನಿಗೆ ನಿವಾಳಿಸಿದ ಮೆಣಸಿನಕಾಯಿ

ನನ್ನ ಕಣ್ಣು ಕೆಟ್ಟದ್ದು ಎಂಬುದು ಈ ಸಲದ ಆಯುಧಪೂಜೆಯ ದಿನ ಅರಕಲಗೂಡಿನಲ್ಲಿ ತೀರ್ಮಾನವಾಯಿತು. ತೀರ್ಪು ಕೊಟ್ಟವರು ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ. ಅಪೀಲಿಗೆ ಅವಕಾಶವಿಲ್ಲ.

ನಾನು ನೋಡಿದ್ದಕ್ಕೆ ನಿಂತುಹೋದದ್ದು ಲಾರಿಯಲ್ಲ, ಟ್ರ್ಯಾಕ್ಟರ್ ಅಲ್ಲ, ಹಾಲು ಕೊಡುವ ಹಸುವೂ ಅಲ್ಲ. ಒಂದು ರೈಲು ಇಂಜಿನ್. ಅದೂ ಇಂಗ್ಲೆಂಡಿನದು, ಕರೆಂಟಿನಲ್ಲಿ ಓಡುವಂಥದ್ದು. ಉದ್ದ ಒಂದು ಗೇಣು.

ನಗಬೇಡಿ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ನಿಮ್ಮ ಕಣ್ಣೂ ಬೀಳುತ್ತಿತ್ತು.

ನಾನಿರುವುದು ಹಾಸನದಲ್ಲಿ. ಕಾಲೇಜಿನಲ್ಲಿ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಹೆಂಡತಿ ಸುಜಾತಳ ತವರು ಅರಕಲಗೂಡು. ಆ ಮನೆಗೆ ನಾನು ದೊಡ್ಡಳಿಯ. ಚಿಕ್ಕಳಿಯ ಚೇತನ್, ಸುಜಾತಳ ತಂಗಿಯ ಗಂಡ, ಹೊಳೆನರಸೀಪುರದಲ್ಲಿ ಹಲ್ಲಿನ ಡಾಕ್ಟರ್. ಅಂದರೆ ನನ್ನ ಷಡ್ಡಕ.

ಷಡ್ಡಕ ಎಂಬ ಸಂಬಂಧ ಎಷ್ಟು ವಿಚಿತ್ರ ಎಂದು ಯೋಚಿಸಿದ್ದೀರಾ? ಅಣ್ಣತಮ್ಮಂದಿರು ಹುಟ್ಟಿನಿಂದ ಬರುತ್ತಾರೆ. ಸ್ನೇಹಿತರನ್ನು ನಾವೇ ಆರಿಸಿಕೊಳ್ಳುತ್ತೇವೆ. ಷಡ್ಡಕ ಎರಡೂ ಅಲ್ಲ. ಹೆಂಡತಿಯ ತಂಗಿ ಯಾರನ್ನೋ ಒಪ್ಪಿಕೊಳ್ಳುತ್ತಾಳೆ, ಆ ಮನುಷ್ಯನ ಜೊತೆ ನಮ್ಮನ್ನು ಜೀವನಪೂರ್ತಿ ತೂಗಿ ನೋಡುತ್ತಾರೆ. ಹಬ್ಬಕ್ಕೆ ಯಾರು ಮೊದಲು ಬಂದರು? ಯಾರು ಏನು ತಂದರು? ಎರಡನೇ ಒಬ್ಬಟ್ಟು ಯಾರ ಎಲೆಗೆ ಮೊದಲು ಬಿತ್ತು? ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ನೋಡುತ್ತಿರುತ್ತಾರೆ.

ಚೇತನ್ ಕೆಟ್ಟವನಾಗಿದ್ದರೆ ನನ್ನ ಬದುಕು ಎಷ್ಟು ಸುಲಭವಾಗಿರುತ್ತಿತ್ತು! ಕುಡಿಯುವುದಿಲ್ಲ, ಜಂಬ ಕೊಚ್ಚುವುದಿಲ್ಲ. ನನ್ನನ್ನು ಅಣ್ಣ ಅನ್ನುತ್ತಾನೆ. ಈ ಅಂಕಣವನ್ನು ಪ್ರತಿವಾರ ಓದಿ ಚೆನ್ನಾಗಿದೆ ಎಂದು ಮೆಸೇಜ್ ಕಳಿಸುವ ಒಬ್ಬನೇ ನೆಂಟ ಅವನು. (ಅತ್ತೆ ಓದುವುದಿಲ್ಲ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.) ಸಾಲದ್ದಕ್ಕೆ ಮಾವನ ಬಾಯಲ್ಲಿರುವ ಹಲ್ಲಿನ ಸೆಟ್ಟೂ ಅವನೇ ಕಟ್ಟಿಕೊಟ್ಟದ್ದು. ಮಾವ ನನ್ನನ್ನು ನೋಡಿ ನಕ್ಕಾಗಲೆಲ್ಲ ನನಗೆ ಕಾಣುವುದು ಚೇತನ್ ಕೈಕೆಲಸ. ಇದಕ್ಕಿಂತ ಕಷ್ಟ ಬೇಕೇ?

ಆದರೂ ನನಗೆ ಅಂತ ಒಂದು ಗೌರವ ಉಳಿದಿತ್ತು. ಆಯುಧಪೂಜೆಯ ದಿನ ಆ ಮನೆಯ ಬೂದುಗುಂಬಳಕಾಯಿ ಒಡೆಯುವುದು ದೊಡ್ಡಳಿಯ. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಮದುವೆಯಾದ ವರ್ಷದಿಂದ ಅದು ನನ್ನ ಪಾಲಿನದು. ಟ್ರ್ಯಾಕ್ಟರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಮಾವನ ಹಳೇ ಸ್ಕೂಟರ್, ನಮ್ಮಿಬ್ಬರ ಕಾರುಗಳು, ಎಲ್ಲಕ್ಕೂ ಪೂಜೆಯಾದ ಮೇಲೆ ಮಾವ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಡುತ್ತಾರೆ. ನಾನು ನಿವಾಳಿಸಿ ರಸ್ತೆಗೆ ಅಪ್ಪಳಿಸುತ್ತೇನೆ. ಬೀದಿಯವರು ನಿಂತು ನೋಡುತ್ತಾರೆ. ಇಷ್ಟೇ. ಆದರೆ ವರ್ಷವಿಡೀ ಡೆಬಿಟ್ಟು ಕ್ರೆಡಿಟ್ಟು ಎಂದು ಸವೆಯುವ ಮನುಷ್ಯನಿಗೆ ಒಂದು ದಿನವಾದರೂ ಏನನ್ನೋ ಎತ್ತಿ ಒಡೆಯುವ ಅಧಿಕಾರ ಸಣ್ಣದಲ್ಲ. ಆ ಒಂದು ವಿಷಯದಲ್ಲಿ ನಾನು ಷಡ್ಡಕನಿಗಿಂತ ಮೇಲಿದ್ದೆ.

ಈ ಸಲ ನಾವು ಹೋಗುವಷ್ಟರಲ್ಲಿ ಅವನು ಬಂದಾಗಿತ್ತು. ಹಾಲ್‌ನಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು. ಯಾರೂ ನಮ್ಮ ಕಡೆ ತಿರುಗಲಿಲ್ಲ. ಟಿವಿ ಸ್ಟ್ಯಾಂಡಿನ ಮೇಲೆ ಉದ್ದಕ್ಕೆ ಪುಟ್ಟ ಹಳಿ ಹಾಸಿತ್ತು. ಹಳಿಯ ಮೇಲೆ ಅದು ನಿಂತಿತ್ತು.

ಹೇಳಿಬಿಡುತ್ತೇನೆ, ಚೆನ್ನಾಗಿತ್ತು. ಅದೇ ನನ್ನ ತೊಂದರೆ.

ಕಡು ಹಸಿರು ಬಣ್ಣ. ಒಂದು ಕಾಲದಲ್ಲಿ ಇಂಗ್ಲೆಂಡಿನ ಗುಡ್ಡಗಳನ್ನು ದಾಟಿ ಕಲ್ಲಿದ್ದಲು ಎಳೆಯುತ್ತಿದ್ದ ಇಂಜಿನ್ನಿನ ಮಾದರಿಯಂತೆ. ಆ ದಾರಿಯನ್ನೇ ಅಲ್ಲಿಯವರು ಮುಚ್ಚಿ ಎಷ್ಟೋ ಕಾಲವಾಗಿದೆಯಂತೆ. ನಿಜವಾದದ್ದರ ಎಪ್ಪತ್ತಾರರಲ್ಲಿ ಒಂದು ಪಾಲು. ಬಿಡಿಭಾಗಗಳ ಕಿಟ್ ತರಿಸಿಕೊಂಡು, ಕ್ಲಿನಿಕ್ಕಿನ ಬಿಡುವಿನಲ್ಲಿ, ಹಲ್ಲು ಕೆರೆಯುವ ಸಲಕರಣೆಗಳಿಂದಲೇ ಒಂದೊಂದಾಗಿ ಜೋಡಿಸಿದ್ದಾನೆ. ಮೈತುಂಬ ಸಾಸಿವೆಗಿಂತ ಸಣ್ಣ ರಿವೆಟ್ಟುಗಳು. ತಲೆಯ ಮೇಲೆ ತಂತಿಯಿಂದ ಕರೆಂಟ್ ಹೀರುವ ಚೌಕಟ್ಟು, ಪ್ಯಾಂಟೋಗ್ರಾಫ್ ಅನ್ನುತ್ತಾರಲ್ಲ, ಅದು ಹಿತ್ತಾಳೆಯದು. ಎತ್ತಿದರೆ ಏಳುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಚಕ್ರದ ಹತ್ತಿರ ತುಕ್ಕು, ಪಕ್ಕೆಯಲ್ಲಿ ಮಳೆನೀರು ಇಳಿದ ಕಲೆ, ಎಲ್ಲವನ್ನೂ ಕುಂಚದಲ್ಲಿ ಬರೆದಿದ್ದಾನೆ.

"ಅಳಿಯಂದ್ರೆ, ಇಲ್ ಬನ್ನಿ, ಕಿಟಕಿ ಒಳಗ್ ನೋಡಿ ಒಸಿ" ಎಂದು ಮಾವ ನನ್ನ ಕೈಗೆ ಭೂತಗನ್ನಡಿ ಕೊಟ್ಟರು. "ಡ್ರೈವರ್ ಕುಂತವ್ನೆ. ಪಕ್ದಲ್ಲಿ ಟೀ ಫ್ಲಾಸ್ಕ್ ಮಡೀಕೊಂಡವ್ನೆ ಕಣ್ರೀ!"

ನೋಡಿದೆ. ಇತ್ತು. ಫ್ಲಾಸ್ಕಿಗೆ ಮುಚ್ಚಳವೂ ಇತ್ತು.

ಹಿಂದಿನ ಗೋಡೆಯಲ್ಲಿದ್ದದ್ದು ನನ್ನ ಟಿವಿ. ನನ್ನದು ಎಂದರೆ, ಹೋದ ವರ್ಷ ಮಾವನಿಗೆ ನಾನು ಕೊಟ್ಟದ್ದು. ಹಾಸನದ ಅಂಗಡಿಗಳನ್ನೆಲ್ಲ ವಿಚಾರಿಸಿ, ಚನ್ನರಾಯಪಟ್ಟಣದಲ್ಲಿ ಆಫರ್ ಇದೆ ಎಂದು ಅಲ್ಲಿಗೇ ಹೋಗಿ, ಶಾಂತಿಗ್ರಾಮ ದಾಟುವಾಗ ಮಳೆ ಬಂದು ನನ್ನ ಜರ್ಕಿನ್ ಬಿಚ್ಚಿ ಹೊದಿಸಿ ತಂದ ಗೋಡೆಯಗಲದ ಸ್ಮಾರ್ಟ್ ಟಿವಿ. ಈಗ ಅದರಲ್ಲಿ ಏನು ಬರುತ್ತಿತ್ತು ಗೊತ್ತೇ? ಇಂಗ್ಲೆಂಡಿನ ಗುಡ್ಡಗಳ ವಿಡಿಯೋ. ಇಂಜಿನ್ ಹಿಂದೆ ಸೀನರಿ ಇರಲಿ ಎಂದು ಚೇತನ್ ಹಾಕಿದ್ದ. ನಾನು ಕೊಟ್ಟ ಉಡುಗೊರೆ ಅವನ ಉಡುಗೊರೆಗೆ ಪರದೆಯಾಗಿತ್ತು!

ಹೌದು, ಉಡುಗೊರೆ. ಮಾವನಿಗೇ ಕೊಡುತ್ತಿದ್ದಾನಂತೆ. ವರ್ಷಗಟ್ಟಲೆ ಕೂತು ಮಾಡಿದ್ದನ್ನು!

ಮಾವನಿಗೆ ರೈಲಿನ ಹುಚ್ಚು. ರೈಲಿಲ್ಲದ ಊರಿನವರಿಗೆ ಮಾತ್ರ ಹಿಡಿಯುವ ಹುಚ್ಚು ಅದು. "ಆಸನಕ್ಕಿತ್ತು, ಒಳೆನರಸೀಪುರಕ್ಕಿತ್ತು. ಚನ್ನರಾಯಪಟ್ಣಕ್ಕೂ ಬಂತು. ನಮ್ಮೂರ್ ಏನ್ ಪಾಪ ಮಾಡಿತ್ತು?" ಎಂಬುದು ನನ್ನ ಮದುವೆ ಮಾತುಕತೆಯ ದಿನವೂ ಅವರು ಹೇಳಿದ ಮಾತು. ಇಷ್ಟು ವರ್ಷ ನಾನೂ ಅದನ್ನು ಕೇಳಿಸಿಕೊಂಡಿದ್ದೇನೆ, ತಲೆ ಆಡಿಸಿದ್ದೇನೆ. ಮತ್ತೆ ಟಿವಿ ಕೊಡಿಸಿದ್ದೇನೆ. ಚೇತನ್ ಅದೇ ಮಾತು ಕೇಳಿ ಅರಕಲಗೂಡಿಗೆ ರೈಲು ತಂದುಬಿಟ್ಟ. ಇದು ನನಗೆ ಯಾಕೆ ಹೊಳೆಯಲಿಲ್ಲ?

ಎತ್ತಿ ನೋಡೋಣ ಎಂದು ಕೈ ಚಾಚಿದೆ. "ಅಣ್ಣ, ಒಂದ್ನಿಮಿಷ" ಎಂದು ಚೇತನ್ ಜೇಬಿನಿಂದ ಡಾಕ್ಟರ್ ಗ್ಲೌಸ್ ತೆಗೆದುಕೊಟ್ಟ. "ಕೈಯಲ್ಲಿ ಎಣ್ಣೆ ಅಂಶ ಇರುತ್ತೆ, ಪೇಂಟ್ ಹೋಗುತ್ತೆ. ತಪ್ಪು ತಿಳ್ಕೋಬೇಡಿ."

ನಾನು ಗ್ಲೌಸ್ ಹಾಕಿಕೊಳ್ಳಲಿಲ್ಲ. ಎತ್ತಲೂ ಇಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತೆ.

ಚೇತನ್ ಒಂದು ಗುಂಡಿ ತಿರುಗಿಸಿದ. ಇಂಜಿನ್ ದೀಪ ಹೊತ್ತಿತು. ಸದ್ದಿಲ್ಲದೆ ಹೊರಟಿತು, ಸ್ಟ್ಯಾಂಡಿನ ಕೊನೆಗೆ ಹೋಗಿ ನಿಂತಿತು, ಹಿಂದಕ್ಕೆ ಬಂತು. ಮೇಲಿನ ತಂತಿಯಿಂದ ಕರೆಂಟ್ ಬರುತ್ತದೆಯೇ ಎಂದು ಮಾವ ಕೇಳಿದರು. "ಇಲ್ಲ ಮಾವ, ತಂತಿ ಬರೀ ಶೋಗೆ. ಕೆಳಗಿನ ಹಳಿಯಿಂದ ಚಕ್ರಕ್ಕೆ ಬರುತ್ತೆ" ಎಂದ ಚೇತನ್. ಈ ಮಾತು ನೆನಪಿಟ್ಟುಕೊಳ್ಳಿ.

ನಾನು ನೋಡುತ್ತಲೇ ಇದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನನ್ನ ಹೊಟ್ಟೆಯಲ್ಲಿ ಏನು ಉರಿಯುತ್ತಿತ್ತು ಎಂದು ಕೇಳಿದರೆ, ಮೊದಲು ಮಾವ, ಆಮೇಲೆ ಟಿವಿ, ಆಮೇಲೆ ಗ್ಲೌಸು. ಅದರ ಕೆಳಗೆ ಇನ್ನೂ ಒಂದಿತ್ತು. ಈ ಮನುಷ್ಯನಿಗೆ ಕೆಲಸ ಮುಗಿದ ಮೇಲೆ ಓಡಿ ಹೋಗಿ ಕೂರಲು ಒಂದು ಜಾಗವಿದೆ. ಯಾರೂ ಕೇಳದ, ಯಾರಿಗೂ ಬೇಡದ ಫ್ಲಾಸ್ಕಿನ ಮುಚ್ಚಳಕ್ಕೆ ಬಣ್ಣ ಹಚ್ಚುವಷ್ಟು ಪ್ರೀತಿ ಇದೆ. ನನಗೇನಿದೆ? ಸಂಜೆಯಾದರೆ ಮೊಬೈಲು. ಫಾರ್ವರ್ಡ್ ಬಂದದ್ದನ್ನು ಫಾರ್ವರ್ಡ್ ಮಾಡುತ್ತೇನೆ. ನಿಮಗಾದರೂ ಏನಾದರೂ ಇದೆಯೇ?

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು. ಎಲ್ಲರೂ ಹೊಗಳುತ್ತಿರುವಾಗ ನಾನೊಬ್ಬನೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವಲ್ಲ? ಮರ್ಯಾದೆಗೆ ಗಟ್ಟಿಯಾಗಿ ಹೇಳಿದೆ: "ಅಬ್ಬಬ್ಬಾ! ಎಷ್ಟು ಚೆನ್ನಾಗಿ ಓಡ್ತಿದೆ ಇದು!"

ಆ ದಿನ ನಾನಾಡಿದ ಒಂದೇ ಒಂದು ಒಳ್ಳೆಯ ಮಾತು. ಅದೇ ನನಗೆ ಮುಳುವಾಯಿತು.

ಅತ್ತೆಯ ತಕರಾರು ಬೇರೆಯೇ ಇತ್ತು. "ಒಸ ಇಂಜಿನ್ನು ಅಂತೀರ, ಇಷ್ಟೊಂದ್ ತುಕ್ಕು? ಅಬ್ಬದ ದಿನ ಇಂಗೆ ಮಡಗಾದಾ? ಸೋಪ್ ಆಕಿ ತೊಳ್ದ್ಬುಡ್ತೀನಿ ಕೊಡಿ" ಎಂದರು. ಚೇತನ್ ಮುಖ ಬಿಳಿಚಿಕೊಂಡಿತು. ತುಕ್ಕು ಬಳಿಯುವುದಕ್ಕೇ ತಿಂಗಳುಗಳು ಹಿಡಿದವು ಎಂದು ಹೇಗೆ ವಿವರಿಸುತ್ತಾನೆ? "ತೊಳೆಯೋದು ಬೇಡ ಅತ್ತೆ, ಪೂಜೆ ಮಾಡಿ ಸಾಕು" ಎಂದುಬಿಟ್ಟ.

ಪೂಜೆ ಎಂದರೆ ಅತ್ತೆಯದು ಪೂಜೆಯೇ. ಹಿತ್ತಲಿಂದ ಎರಡು ಗರಿಕೆ ಕಿತ್ತು ತಂದು ಇಂಜಿನ್ನಿನ ಎರಡು ಪಕ್ಕಕ್ಕೆ ಬಾಳೆಕಂದಿನ ಹಾಗೆ ಕಟ್ಟಿದರು. ಸೇವಂತಿಗೆಯ ಒಂದು ಎಸಳು ಮೂತಿಗೆ. ಒದ್ದೆ ಬೆರಳನ್ನು ವಿಭೂತಿಯಲ್ಲಿ ಅದ್ದಿ ಹಸಿರು ಮೈಮೇಲೆ ಮೂರು ಗೆರೆ, ನಡುವೆ ಅರಿಶಿನ, ಕುಂಕುಮ. ಆಮೇಲೆ ಟ್ರ್ಯಾಕ್ಟರಿಗೆ ಹಚ್ಚುವಂತೆಯೇ ಎಲ್ಲ ಚಕ್ರಕ್ಕೂ ವಿಭೂತಿ. ಹಳಿಯನ್ನೂ ಬಿಡಲಿಲ್ಲ. ನನಗೆ ಗ್ಲೌಸ್ ಕೊಟ್ಟ ಮನುಷ್ಯ ಕೈಮುಗಿದು ನಿಂತಿದ್ದ.

ಇನ್ನು ನಿಂಬೆಹಣ್ಣು. ಪೂಜೆಯಾದ ವಾಹನ ನಿಂಬೆಹಣ್ಣನ್ನು ತುಳಿಯದೆ ಹೊರಡುವ ಹಾಗಿಲ್ಲ. ಆದರೆ ಅಲ್ಲಿದ್ದ ನಿಂಬೆಹಣ್ಣು ಇಂಜಿನ್ನಿನ ಮೂತಿಗಿಂತ ದಪ್ಪ. ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಮಾವ ಹಣ್ಣು ಹಿಂಡಿ ಒಂದು ಬೀಜ ತೆಗೆದು ಹಳಿಯ ಮೇಲೆ, ಇಂಜಿನ್ನಿನ ಮುಂದೆ ಇಟ್ಟರು. "ಸಣ್ ಇಂಜಿನ್ನಿಗೆ ಸಣ್ ನಿಂಬೆಣ್ಣು!" ಎಂದು ಹಲ್ಲು ಕಾಣುವಂತೆ (ಚೇತನ್ ಹಲ್ಲು) ನಕ್ಕರು. ಎಲ್ಲರೂ ಹೋ ಎಂದರು. (ಅದರ ಸ್ಕೇಲಿಗೆ ಲೆಕ್ಕ ಹಾಕಿದರೆ ಆ ಬೀಜ ಹಲಸಿನಹಣ್ಣಾಗುತ್ತದೆ. ಹೇಳಬೇಕೆನಿಸಿತು. ಹೇಳಲಿಲ್ಲ.)

ಮಂಗಳಾರತಿ ಆಯಿತು. ಚೇತನ್ ಗುಂಡಿ ತಿರುಗಿಸಿದ.

ಇಂಜಿನ್ ಅಲುಗಲಿಲ್ಲ.

ಮತ್ತೆ ತಿರುಗಿಸಿದ. ದೀಪವೂ ಹೊತ್ತಲಿಲ್ಲ. ಮಾವನ ನಗು ನಿಂತಿತು. ನನ್ನ ಎದೆಯೊಳಗೆ ಏನೋ ಒಂದು ಎದ್ದು ಕುಣಿಯಿತು. ಇದನ್ನು ಬರೆಯಬಾರದು, ಆದರೆ ಕುಣಿದದ್ದು ನಿಜ.

ಚೇತನ್ ಬಗ್ಗಿ ನೋಡಿದ. ನಾನೂ ಬಗ್ಗಿದೆ. ಹಳಿಯ ಮೇಲೆ, ಚಕ್ರದ ಅಂಚಿನಲ್ಲಿ, ವಿಭೂತಿ ಒಣಗಿ ಕೂತಿತ್ತು. ಕರೆಂಟ್ ಹಳಿಯಿಂದ ಚಕ್ರಕ್ಕೆ ಹತ್ತಬೇಕು, ನಡುವೆ ಬೂದಿ. ಅಕೌಂಟೆನ್ಸಿ ಮೇಷ್ಟ್ರಿಗೂ ಅರ್ಥವಾಗುವ ವಿಷಯ. ಅವನಿಗೂ ಅರ್ಥವಾಯಿತು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಅಣ್ಣ, ಅತ್ತೆಗೆ ಹೇಳ್ಬೇಡಿ. ಅಷ್ಟು ಭಕ್ತಿಯಿಂದ ಮಾಡಿದ್ದಾರೆ, ನೊಂದ್ಕೋತಾರೆ. ಆಮೇಲೆ ನಾನೇ ಕ್ಲೀನ್ ಮಾಡ್ತೀನಿ."

ನಾನು ಆಗಲಿ ಎಂದು ತಲೆಯಾಡಿಸಿದೆ. ಒಪ್ಪಿದರೆ ನನ್ನದೇನು ಹೋಗುತ್ತದೆ ಎಂದುಕೊಂಡೆ.

ಹೋಗುವುದಿತ್ತು.

"ದಿಷ್ಟಿ" ಎಂದರು ಅತ್ತೆ. "ಬೆಳಗ್ಗಿಂದ ಎಂಗ್ ಓಡ್ತಿತ್ತು! ಯಾರ್‌ದೋ ಕಣ್ ತಗುಲ್ತು ಕಣಪ್ಪ."

ಬೆಳಗಿನಿಂದ ಅದನ್ನು ನೋಡಿದವರು ಬೇಕಾದಷ್ಟು ಜನ. ಆದರೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ರೆಪ್ಪೆ ಬಡಿಯದೆ ನೋಡಿದವರು ಯಾರು? ಅಬ್ಬಬ್ಬಾ ಎಷ್ಟು ಚೆನ್ನಾಗಿ ಓಡ್ತಿದೆ ಎಂದು ಬಾಯಿಬಿಟ್ಟವರು ಯಾರು? ಎಲ್ಲರೂ ಬೇರೆ ಬೇರೆ ಕಡೆ ನೋಡಿದರು. ಸುಜಾತ ಮಾತ್ರ ನೇರವಾಗಿ ನನ್ನನ್ನೇ ನೋಡಿದಳು.

"ನೀವ್ ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದ್ರೆ" ಎಂದರು ಅತ್ತೆ, ಬಹಳ ಮೃದುವಾಗಿ. "ಒಳ್ಳೇರ್ ಕಣ್ಣೂ ಬೀಳ್ತೈತೆ. ಬೇಕೂಂತ ಯಾರ್ ಮಾಡ್ತಾರೆ?"

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಸಮಾಧಾನ ಮಾಡಿದವರ ಮೇಲೆ ಹೇಗೆ ಜಗಳ ಆಡುವುದು?

ಬಾಯಿ ತೆರೆದೆ. ಹಳಿಯ ಮೇಲಿನ ಬೂದಿಯನ್ನು ಬೆರಳಲ್ಲಿ ಒರೆಸಿ ತೋರಿಸಿದ್ದರೆ ಮುಗಿದಿತ್ತು. ಚೇತನ್ ನನ್ನ ಕಡೆ ನೋಡುತ್ತಿದ್ದ. ಅತ್ತೆಯ ಬೆರಳುಗಳಲ್ಲಿ ಇನ್ನೂ ವಿಭೂತಿ ಇತ್ತು. ಅವರು ಅದನ್ನು ಸೆರಗಿಗೆ ಒರೆಸಿಕೊಳ್ಳುತ್ತ ಇಂಜಿನ್ನನ್ನೇ ನೋಡುತ್ತಿದ್ದರು, ಮಗುವಿಗೆ ಜ್ವರ ಬಂದಾಗ ನೋಡುವ ಹಾಗೆ. ಬಾಯಿ ಮುಚ್ಚಿದೆ. ಇದನ್ನು ನನ್ನ ಒಳ್ಳೆಯತನ ಅಂದುಕೊಳ್ಳಬೇಡಿ. ಒಳ್ಳೆಯತನವೂ ಅವನದೇ, ನಾನು ಬರೀ ತಲೆಯಾಡಿಸಿ ಸಿಕ್ಕಿಹಾಕಿಕೊಂಡವನು. ಹೊಟ್ಟೆಯಲ್ಲಿ ಆ ಉರಿಯೂ ಸೇರಿಕೊಂಡಿತು.

ಹೊರಗೆ ಕುಂಬಳಕಾಯಿ ಸಿದ್ಧವಾಗಿತ್ತು. ಮೇಲೆ ತೂತು ಕೊರೆದು ಕುಂಕುಮ ತುಂಬಿ, ಕರ್ಪೂರ ಹಚ್ಚಿದ್ದರು. ನಾನು ಎಂದಿನಂತೆ ಪಂಚೆ ಎತ್ತಿಕಟ್ಟಿ ಮುಂದೆ ಬಂದೆ. ಮಾವ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿದರು. ನನ್ನ ಮುಂದೆ ಬಂದು ಸ್ವಲ್ಪ ತಡೆದರು.

"ಈ ಸಲ ಚಿಕ್ಕಳಿಯಂದ್ರು ಒಡೀಲಿ" ಎಂದರು. "ದಿಷ್ಟಿ ಆಗಿರಾದು ಅವ್ರ ವಸ್ತೂಗೆ ತಾನೆ?"

ಚೇತನ್ ಗಾಬರಿಯಾದ. "ಬೇಡ ಮಾವ, ಅಣ್ಣನೇ ಹೊಡೀಲಿ, ಪ್ರತಿವರ್ಷ ಅವರೇ ಅಲ್ವಾ" ಎಂದ. ಮಾವ ಕಾಯಿಯನ್ನು ಅವನ ಕೈಯಲ್ಲಿ ಇಟ್ಟರು. ಕಣ್ಣು ಹಾಕಿದವನ ಕೈಯಿಂದಲೇ ಕಣ್ಣು ತೆಗೆಸುವುದುಂಟೇ? ಅವರ ಕಡೆಯಿಂದ ನೋಡಿದರೆ ಸರಿಯೇ.

ಒಂದೇ ಏಟಿಗೆ ಒಡೆಯದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಲ್ಲು ಕೀಳುವ ಕೈ, ಇದೆಲ್ಲ ಎಲ್ಲಿ ಅಭ್ಯಾಸ? ಅವನು ಎತ್ತಿ ಹೊಡೆದ. ಎಷ್ಟು ಚೆನ್ನಾಗಿ ಒಡೆಯಿತು ಎಂದರೆ, ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಒಡೆದಿರಲಿಲ್ಲ. ಕೆಂಪು ರಸ್ತೆಯ ಆ ಅಂಚಿನವರೆಗೂ ಹೋಯಿತು. ಬೀದಿಯವರು ಭೇಷ್ ಎಂದರು. ನನ್ನ ಪಂಚೆ ಎತ್ತಿಕಟ್ಟಿದ ಹಾಗೇ ಇತ್ತು. ಇಳಿಸಿಕೊಂಡೆ.

ಒಳಗೆ ಬಂದು ಗುಂಡಿ ತಿರುಗಿಸಿದರು. ಇಂಜಿನ್ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಬೂದಿ ಇನ್ನೂ ಅಲ್ಲೇ ಇತ್ತಲ್ಲ. ಆದರೆ ಅತ್ತೆಗೆ ಅದರ ಅರ್ಥ ಬೇರೆ. ಕುಂಬಳಕಾಯಿಗೂ ಇಳಿಯದ ದೃಷ್ಟಿ! ಈಗ ನೆರೆಯವರೂ ನನ್ನಿಂದ ಸ್ವಲ್ಪ ದೂರ ಸರಿದು ಕೂತರು.

ಅತ್ತೆ ಹಿಡಿ ಒಣಮೆಣಸಿನಕಾಯಿ, ಕಲ್ಲುಪ್ಪು, ಪೊರಕೆಕಡ್ಡಿ ತಂದು ಇಂಜಿನ್ನಿಗೆ ನಿವಾಳಿಸಿದರು. ನಿಮಗೆ ಗೊತ್ತಿರುತ್ತದೆ, ದೃಷ್ಟಿ ತಾಗಿದವರು ಅದಕ್ಕೆ ಮೂರು ಸಲ ಉಗಿಯಬೇಕು. ಮಕ್ಕಳಾದರೆ ಥೂ ಥೂ ಎನ್ನುತ್ತವೆ. ಇಂಜಿನ್ ಹೇಗೆ ಉಗಿಯುತ್ತದೆ? ಅತ್ತೆ ಯೋಚಿಸಿದರು. ಸುತ್ತ ನೋಡಿದರು.

"ಅಳಿಯಂದ್ರೆ, ನೀವೇ ಒಸಿ ಉಗೀರಿ" ಎಂದರು ನನಗೆ. "ನೋಡ್ದೋರು ಉಗುದ್ರೂ ಓಯ್ತದೆ."

ಉಗಿದೆ. ಮೂರು ಸಲ. ಮನಸಾರೆ.

ಬಚ್ಚಲುಮನೆಯ ಹಂಡೆ ಒಲೆಗೆ ಅದನ್ನು ಹಾಕಲು ಅತ್ತೆ ಹೊರಟರು. ಸುಟ್ಟಾಗ ಘಾಟು ಬಾರದಿದ್ದರೆ ದೃಷ್ಟಿ ತಾಗಿದ್ದು ನಿಜ ಎಂಬುದು ಹಳೆಯ ಲೆಕ್ಕ. ಸುಜಾತ ಹೊರಟಳು. ನನ್ನನ್ನೂ ಕರೆದರು. ತಿರುಗಿ ನೋಡಿದರೆ ಚೇತನ್ ಹತ್ತಿಗೆ ಸ್ಪಿರಿಟ್ ಅದ್ದಿ ಚಕ್ರ ಒರೆಸಲು ಶುರುಮಾಡಿದ್ದ. ಇನ್ನೆರಡು ನಿಮಿಷಕ್ಕೆ ಇಂಜಿನ್ ಓಡುತ್ತದೆ, ಮೆಣಸಿನಕಾಯಿಗೆ ಹೆಸರು ಬರುತ್ತದೆ, ನನ್ನ ಕಣ್ಣು ಆ ಮನೆಯಲ್ಲಿ ಶಾಶ್ವತವಾಗುತ್ತದೆ. ಎಲ್ಲ ಗೊತ್ತಿತ್ತು. ನಕ್ಕುಬಿಡೋಣ ಎನಿಸಿತು.

ಅತ್ತೆ ಹಿಡಿಯನ್ನು ಕೆಂಡಕ್ಕೆ ಸುರಿದರು. ಉಪ್ಪು ಚಟಪಟ ಅಂದಿತು. ಮೆಣಸಿನಕಾಯಿ ಕಪ್ಪಾಯಿತು. ಮೂವರೂ ಸೆರಗು, ಟವೆಲ್ಲು ಮೂಗಿಗೆ ಹಿಡಿದು ನಿಂತೆವು, ಘಾಟು ಬರುತ್ತದಲ್ಲ ಎಂದು. ಹಾಲ್‌ನಿಂದ ಮಾವ ಕೂಗಿದರು: "ಓಡ್ತು ಕಣೇ! ಓಡ್ತು! ಬೀಜಾನೂ ತಳ್ಕೊಂಡು ಓಯ್ತು!" ಅತ್ತೆ ಕೈಮುಗಿದರು. ನನ್ನ ಭುಜ ತಟ್ಟಿ ಹಾಲ್‌ಗೆ ಓಡಿದರು.

ಹಾಸನಕ್ಕೆ ಮರಳುವ ದಾರಿಯಲ್ಲಿ ಸುಜಾತಳಿಗೆ ಎಲ್ಲ ಹೇಳಿದೆ. ವಿಭೂತಿ, ಹಳಿ, ಚಕ್ರ, ಚೇತನ್ ಪಿಸುಗುಟ್ಟಿದ್ದು, ಹತ್ತಿ, ಸ್ಪಿರಿಟ್ಟು. ಇದರಲ್ಲಿ ನನ್ನ ಕಣ್ಣಿನ ಪಾತ್ರ ಎಳ್ಳಷ್ಟೂ ಇಲ್ಲ ಎಂದು ವೈಜ್ಞಾನಿಕವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ನಂಬಿದಳು ಕೂಡ. ನನಗೆ ಎಷ್ಟೋ ಹಗುರವಾಯಿತು.

ಸ್ವಲ್ಪ ದೂರ ಬಂದ ಮೇಲೆ ಕೇಳಿದಳು: "ಅದೆಲ್ಲ ಸರಿ. ನಮ್ಮಮ್ಮ ಸಾರಿಗೆ ಎರಡು ಹಾಕಿದ್ರೆ ಕಣ್ಣಲ್ಲಿ ನೀರು ಬರೋ ಗುಂಟೂರು ಮೆಣಸಿನಕಾಯಿ ಅದು. ಹಿಡಿ ತುಂಬ ಸುಟ್ರೂ ನಮ್ಮ ಮೂರು ಜನಕ್ಕೂ ಒಂದು ಕೆಮ್ಮೂ ಬರ್ಲಿಲ್ವಲ್ಲ, ಯಾಕೆ?"